ಇಲಿಯ ರಕ್ತಕ್ಯಾನ್ಸರ್ ಮತ್ತು ಔಷಧದ ಅಳತೆ

ರಕ್ತಕ್ಯಾನ್ಸರ್ ಇರುವ ಇಲಿಗೆ ಔಷಧ ಕೊಟ್ಟಾಗ ಬಿಳಿ ರಕ್ತಕಣಗಳ ಎಣಿಕೆ ಇಳಿದರೆ ಔಷಧ ಫಲಿಸಿತೆಂದು ಹೇಳಬಹುದೇ? ಅಷ್ಟರಿಂದಲೇ ಹೇಳಲಾಗದು. ಕೀಮೋಥೆರಪಿಯ ಹಳೆಯ ಔಷಧಗಳಲ್ಲಿ ಹೆಚ್ಚಿನವು ವೇಗವಾಗಿ ವಿಭಜನೆಯಾಗುವ ಕೋಶಗಳನ್ನೆಲ್ಲ ಕೊಲ್ಲುತ್ತವೆ. ಅಸ್ಥಿಮಜ್ಜೆಯ ಆರೋಗ್ಯವಂತ ಕೋಶಗಳನ್ನೂ ಬಿಡುವುದಿಲ್ಲ. ರೋಗ ತಗ್ಗಿದರೂ ಎಣಿಕೆ ಇಳಿಯುತ್ತದೆ, ವಿಷ ಹೆಚ್ಚಾದರೂ ಇಳಿಯುತ್ತದೆ. ಆದ್ದರಿಂದ ಔಷಧ ಪಡೆದ ಇಲಿ ಪಡೆಯದ ಇಲಿಗಿಂತ ಎಷ್ಟು ದಿನ ಹೆಚ್ಚು ಬದುಕಿತು ಎಂಬುದೇ ಮುಖ್ಯ ಅಳತೆಯಾಯಿತು.

ಇದಕ್ಕೆ ಬಹುಕಾಲ ಬಳಕೆಯಾದದ್ದು ಎಲ್1210 ಎಂಬ ರಕ್ತಕ್ಯಾನ್ಸರ್. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ, ಚರ್ಮಕ್ಕೆ ಕ್ಯಾನ್ಸರ್‌ಕಾರಕ ರಾಸಾಯನಿಕವಾದ ಮೀಥೈಲ್‌ಕೊಲಾಂಥ್ರೀನ್ ಸವರಿದ ಡಿಬಿಎ ತಳಿಯ ಇಲಿಯಲ್ಲಿ ಇದು ಹುಟ್ಟಿತು. ಇದರ ಕೋಶಗಳು ಸುಮಾರು ಅರ್ಧ ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ನೂರು ಕೋಟಿಯ ಆಸುಪಾಸು ತಲುಪಿದಾಗ ಇಲಿ ಸಾಯುತ್ತದೆ.

ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಹೊವಾರ್ಡ್ ಸ್ಕಿಪ್ಪರ್ ಮತ್ತು ಸಂಗಡಿಗರು ಈ ಇಲಿಗಳಿಂದ ಎರಡು ಮಾತು ಸ್ಥಾಪಿಸಿ 1964ರಲ್ಲಿ ಪ್ರಕಟಿಸಿದರು. ಒಂದೇ ಒಂದು ಜೀವಂತ ಕ್ಯಾನ್ಸರ್ ಕೋಶವೂ ಇಲಿಯನ್ನು ಕೊಲ್ಲಬಲ್ಲದು. ಮತ್ತು ಒಂದು ಡೋಸ್ ಕೊಲ್ಲುವುದು ಇಂತಿಷ್ಟು ಕೋಶಗಳನ್ನಲ್ಲ, ಇದ್ದುದರಲ್ಲಿ ಇಂತಿಷ್ಟು ಪಾಲನ್ನು. ನೂರು ಕೋಟಿಯಲ್ಲಿ ಶೇ. 99.9ರಷ್ಟು ಸತ್ತರೂ ಹತ್ತು ಲಕ್ಷ ಕೋಶ ಉಳಿಯುತ್ತವೆ. ಐದೇ ದಿನದಲ್ಲಿ ಅವು ಮತ್ತೆ ನೂರು ಕೋಟಿಯಾಗುತ್ತವೆ. ನಡುವೆ ರಕ್ತಪರೀಕ್ಷೆ ಎಷ್ಟೇ ಸಹಜವಾಗಿ ಕಂಡರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಇದೇ ಕಾಲದಲ್ಲಿ ವೈದ್ಯರಾದ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ರಕ್ತಕ್ಯಾನ್ಸರ್ ಪೀಡಿತ ಮಕ್ಕಳಿಗೆ ನಾಲ್ಕು ಔಷಧಗಳನ್ನು ಕೂಡಿಸಿ ಕೊಟ್ಟದ್ದರ, ರೋಗಲಕ್ಷಣ ಮಾಯವಾದ ಮೇಲೂ ಮುಂದುವರಿಸಿದ್ದರ ಹಿಂದೆ ಈ ತರ್ಕವಿತ್ತು. ಈ ಇಲಿಗಳಿಂದ ಮನುಷ್ಯನಿಗೆ ದಕ್ಕಿದ ದೊಡ್ಡ ಲಾಭ ಇದು.

ಹೊಸ ಔಷಧ ಹೆಕ್ಕುವ ಜರಡಿಯಾಗಿ ಮಾತ್ರ ಎಲ್1210 ಅಷ್ಟು ನಂಬಿಕೆಗೆ ಅರ್ಹವಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅಪಾರ ಸಂಖ್ಯೆಯ ಸಂಯುಕ್ತಗಳನ್ನು ಇಂಥ ಇಲಿಗಳಲ್ಲಿ ಸೋಸಿತು. ವೇಗದ ರೋಗವನ್ನೇ ಮುಂದಿಟ್ಟರೆ ವೇಗದ ಕೋಶಗಳನ್ನು ಕೊಲ್ಲುವ ಔಷಧವೇ ಆಯ್ಕೆಯಾಗುತ್ತದೆ. ನಿಧಾನವಾಗಿ ಬೆಳೆಯುವ ಶ್ವಾಸಕೋಶದ, ಕರುಳಿನ ಗಡ್ಡೆಗಳಿಗೆ ಮದ್ದು ಸಿಗುವುದು ಕಷ್ಟ. ಹಾಗಾಗಿ 1990ರ ಹೊತ್ತಿಗೆ ಆ ಸಂಸ್ಥೆ ಮನುಷ್ಯರ ಗಡ್ಡೆಗಳಿಂದ ಪಡೆದು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದ 60 ಕೋಶಸಾಲುಗಳತ್ತ ತಿರುಗಿತು.

ಆದರೆ ಗಾಜಿನ ತಟ್ಟೆಗೆ ಯಕೃತ್ತಿಲ್ಲ. ಯಕೃತ್ತಿನಲ್ಲಿ ಮಾರ್ಪಟ್ಟ ಮೇಲಷ್ಟೇ ಕೆಲಸ ಮಾಡುವ ಸೈಕ್ಲೋಫಾಸ್ಫಮೈಡ್‌ನಂಥ ಔಷಧದ ಬಲ ಇಲಿಯಲ್ಲಿ ಕಾಣುತ್ತದೆ, ಬರಿಯ ಕೋಶಗಳ ಮೇಲೆ ಕಾಣುವುದಿಲ್ಲ. ಈಗ ರೋಗನಿರೋಧಶಕ್ತಿ ಇಲ್ಲದ ಇಲಿಗಳಿಗೆ ಮನುಷ್ಯರ ಕ್ಯಾನ್ಸರ್ ಕೋಶಗಳನ್ನೇ ಸೇರಿಸಿ ಪರೀಕ್ಷಿಸುವುದುಂಟು. ದೇಹದ ಸ್ವಂತ ನಿರೋಧಶಕ್ತಿಯನ್ನು ಎಚ್ಚರಿಸುವ ಔಷಧಗಳಿಗೆ ಅದು ಸಾಲದು; ಅವುಗಳ ಪರೀಕ್ಷೆಗೆ ನಿರೋಧಶಕ್ತಿ ಉಳಿದಿರುವ ಇಲಿ, ಇಲಿಯದೇ ರೋಗ ಇಂದಿಗೂ ಬೇಕು.