ಪುಂಡರ ಗುಂಪುಗಳೂ ಪುರಜನರ ಹೊಣೆಯೂ

ಪಟ್ಟಣದ ಯಾವುದಾದರೊಂದು ಕೇರಿಯಲ್ಲಿ ತರುಣರ ಗುಂಪುಗಳು ಮಚ್ಚು ದೊಣ್ಣೆಗಳನ್ನು ಹಿಡಿದು ಹೊಡೆದಾಡಿದ ವರ್ತಮಾನವು ಬಂದೊಡನೆಯೇ ನಮ್ಮಲ್ಲಿ ಎರಡು ಬಗೆಯ ಮಾತುಗಳು ಹೊರಡುವುವು. ಪೋಲೀಸಿನವರು ಕೈ ಬಿಗಿಮಾಡಬೇಕೆಂಬುದು ಒಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದು ಮತ್ತೊಂದು. ಹೀಗೆ ಹೇಳಿದವರು ತಮ್ಮ ಹೊಣೆಯು ತೀರಿತೆಂದು ಬಾಗಿಲು ಹಾಕಿಕೊಳ್ಳುವರು. ಇವೆರಡರಲ್ಲಿ ಯಾವುದೊಂದರಿಂದಲೂ ರಕ್ತಪಾತವು ನಿಲ್ಲುವುದಿಲ್ಲವೆಂಬುದಕ್ಕೆ ಅಮೆರಿಕಾ ದೇಶದ ಬಾಸ್ಟನ್ ನಗರದ ಅನುಭವವೇ ಸಾಕ್ಷಿಯಾಗಿದೆ.

೧೯೯೦ನೆಯ ಇಸವಿಯೊಂದರಲ್ಲಿಯೇ ಆ ನಗರದಲ್ಲಿ ೧೫೨ ಕೊಲೆಗಳು ನಡೆದುವು. ೧೯೯೧ರಿಂದ ೧೯೯೫ರವರೆಗೆ ಇಪ್ಪತ್ತನಾಲ್ಕು ವಯಸ್ಸು ಮೀರದವರೇ ವರ್ಷಕ್ಕೆ ಸರಾಸರಿ ೪೪ ಮಂದಿ ಕೊಲೆಯಾದರು. ೧೯೯೨ನೆಯ ಮೇ ತಿಂಗಳಲ್ಲಿ, ಹತನಾದ ತರುಣನೊಬ್ಬನ ಉತ್ತರಕ್ರಿಯೆಯ ಪ್ರಾರ್ಥನೆ ನಡೆಯುತ್ತಿದ್ದ ಇಗರ್ಜಿಯೊಳಕ್ಕೇ ಪುಂಡರು ನುಗ್ಗಿ, ಅಲ್ಲಿದ್ದ ಇನ್ನೊಬ್ಬ ತರುಣನ ಮೇಲೆ ಬಿದ್ದರು. ಅದುವರೆಗೆ ಪೋಲೀಸಿನವರನ್ನು ಕಟುವಾಗಿ ಟೀಕಿಸುತ್ತಿದ್ದ ಕರಿಯ ಜನರ ಪಾದ್ರಿಗಳಲ್ಲಿ ಕೆಲವರು, ಇನ್ನು ವೇದಿಕೆಯ ಮೇಲಿನ ಉಪದೇಶ ಸಾಲದೆಂದು ಮನಗಂಡು, ರಾತ್ರಿಯ ಹೊತ್ತು ಬೀದಿಗಿಳಿದು ಹುಡುಗರೊಡನೆ ಮಾತನಾಡತೊಡಗಿದರು. ಕ್ರಮೇಣ ಅವರಿಗೂ ಪೋಲೀಸಿನವರಿಗೂ ಪರಸ್ಪರ ನಂಬಿಕೆ ಬೆಳೆಯಿತು.

೧೯೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು, ಕೇರಿಗಳನ್ನು ಬಲ್ಲ ಪೋಲೀಸಿನವರೊಡನೆ ಕುಳಿತು ಲೆಕ್ಕ ತೆಗೆದರು. ಗುಂಪುಗಳು ೬೧, ಅವುಗಳಲ್ಲಿದ್ದವರು ಸುಮಾರು ೧,೩೦೦ ಮಂದಿ. ನಗರದ ತರುಣರಲ್ಲಿ ಇವರು ನೂರಕ್ಕೆ ಒಬ್ಬರಷ್ಟೂ ಇರಲಿಲ್ಲ. ಆದರೆ ತರುಣರ ಕೊಲೆಗಳಲ್ಲಿ ನೂರಕ್ಕೆ ೬೦ಕ್ಕೆ ಕಡಮೆಯಿಲ್ಲದಷ್ಟು ಈ ಗುಂಪುಗಳಿಗೆ ಸಂಬಂಧಪಟ್ಟವು. ಇಡೀ ಕೇರಿಯನ್ನೂ ಇಡೀ ಜಾತಿಯನ್ನೂ ಶಂಕಿಸುವ ನಮ್ಮ ಅಧಿಕಾರಿಗಳು ಈ ಅಂಕಿಗಳನ್ನು ಎರಡಾವೃತ್ತಿ ಓದಬೇಕೆಂದು ನಮ್ಮ ಬಿನ್ನಹ.

೧೯೯೬ನೆಯ ಮೇ ತಿಂಗಳಲ್ಲಿ ಗುಂಪಿನ ಹುಡುಗರನ್ನು ಸಭೆಗೆ ಕರೆಸಲಾಯಿತು. ಪೋಲೀಸಿನವರು, ಸರ್ಕಾರಿ ವಕೀಲರು, ಪಾದ್ರಿಗಳು, ನಗರಸಭೆಯ ಬೀದಿ ಕಾರ್ಯಕರ್ತರು ಇವರೆಲ್ಲರೂ ಸೇರಿ ಒಂದೇ ಬಾಯಿಂದ ಹೇಳಿದ ಮಾತು ಇದು: ಕೊಲೆ ನಿಲ್ಲಬೇಕು, ನಿಲ್ಲದಿದ್ದರೆ ಆ ಗುಂಪಿನವರು ಮಾಡುವ ಯಾವ ಅಪರಾಧವನ್ನೂ ಕಾನೂನು ಕಂಡೂ ಕಾಣದಂತೆ ಬಿಡುವುದಿಲ್ಲ, ಈ ದಾರಿಯನ್ನು ಬಿಡುವವನಿಗೆ ಓದು, ಉದ್ಯೋಗ, ರಕ್ಷಣೆಗಳಿಗೆ ನಾವು ನೆರವಾಗುವೆವು. ತರುಣರ ಕೊಲೆಗಳು ತಿಂಗಳ ಸರಾಸರಿಯಲ್ಲಿ ನೂರಕ್ಕೆ ೬೩ರಷ್ಟು ಇಳಿದುವೆಂದು ಆ ವಿದ್ವಾಂಸರು ಕಂಡರು. ಅದೇ ಕಾಲದಲ್ಲಿ ಅಮೆರಿಕಾದ ಇತರ ನಗರಗಳಲ್ಲಿಯೂ ಕೊಲೆಗಳು ಇಳಿಯುತ್ತಿದ್ದುದರಿಂದ ಇದರ ಕೀರ್ತಿಯೆಲ್ಲವೂ ಆ ಸಭೆಗೇ ಸಲ್ಲದೆಂದು ಆಕ್ಷೇಪಿಸಿದವರೂ ಉಂಟು. ಆದರೆ ೨೦೦೦ದ ವೇಳೆಗೆ ಆ ಕಾರ್ಯವನ್ನು ಕೈಬಿಟ್ಟ ಮೇಲೆ ಕೊಲೆಗಳು ಮತ್ತೆ ಏರಿದುವೆಂಬುದನ್ನು ಮರೆಯಬಾರದು.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರು ಈ ಪಾಠವನ್ನು ಕಲಿತರು. ಅಲ್ಲಿಯ ಪೋಲೀಸರು ೨೦೦೫ರಲ್ಲಿ ಹಿಂಸೆಯನ್ನು ತಗ್ಗಿಸುವುದಕ್ಕೆಂದೇ ಒಂದು ವಿಭಾಗವನ್ನು ತೆರೆದು, ಇದು ರೋಗದಂತೆ ಹರಡುವ ಪಿಡುಗು, ರೋಗದಂತೆಯೇ ತಡೆಯತಕ್ಕದ್ದು ಎಂದು ಸಾರಿದರು. ೨೦೦೮ರಲ್ಲಿ ಗುಂಪಿನ ಹುಡುಗರನ್ನು ನ್ಯಾಯಸ್ಥಾನಕ್ಕೆ ಕರೆಸಿದಾಗ ಅವರೆದುರಿಗೆ ನಿಂತವರು ಪೋಲೀಸಿನವರು ಮಾತ್ರವೇ ಅಲ್ಲ. ಗಾಯಗಳನ್ನು ಹೊಲಿದ ವೈದ್ಯರೂ ಮಗನ ಗತಿಯನ್ನು ಕಂಡು ನೊಂದ ತಾಯಿಯೂ ಮಾತನಾಡಿದರು.

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ. ಬೆಂಗಳೂರು ಮೊದಲಾದ ನಗರಗಳಲ್ಲಿಯೂ ಪೋಲೀಸಿನವರು ರೌಡಿ ಪಟ್ಟಿಯಲ್ಲಿ ಹೆಸರುಳ್ಳವರನ್ನು ಮೈದಾನಕ್ಕೆ ಕರೆಸಿ, ಸಾಲಾಗಿ ನಿಲ್ಲಿಸಿ, ಎಚ್ಚರಿಕೆ ಹೇಳಿ ಕಳುಹಿಸುವುದುಂಟು. ಮೇಲುನೋಟಕ್ಕೆ ಬಾಸ್ಟನ್ ಸಭೆಗೂ ಈ ಪೆರೇಡಿಗೂ ಅಂತರವಿಲ್ಲ. ಆದರೆ ಅಲ್ಲಿ ಗದರಿಕೆಯೊಡನೆ ಭರವಸೆಯಿತ್ತು. ಇಲ್ಲಿ ಗದರಿಕೆ ಮಾತ್ರವಿದೆ. ತಲೆಕೂದಲಿಗಾಗಿ, ಅಂಗಿಯ ಗುಂಡಿಗಾಗಿ ನೆರೆದವರ ಮುಂದೆ ಬೈಸಿಕೊಂಡ ಹುಡುಗನು ನಾಚಿ ತಿದ್ದಿಕೊಳ್ಳುವನೆಂದು ನಾವು ನಂಬಲಾರೆವು. ತನ್ನ ಗುಂಪಿನ ಕಣ್ಣಿಗೆ ದೊಡ್ಡವನಾಗಿ ಹಿಂದಿರುಗುವನೆಂಬುದೇ ಹೆಚ್ಚು ಸಂಭವ. ಪಟ್ಟಿಯಲ್ಲಿ ಹೆಸರುಳ್ಳವನಿಗೆ ಕೆಲಸ ಕೊಡುವವರಾರು? ಮನೆ ಬಾಡಿಗೆಗೆ ಕೊಡುವವರಾರು? ಹೊರಬರುವ ದಾರಿಯನ್ನು ತೋರಿಸದೆ ಹೊರಗೆ ಬಾ ಎಂದು ಗದರಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ದುಷ್ಟರಿಗೆ ದಂಡನೆ ಬೇಡವೆಂದು ನಾವು ಹೇಳುತ್ತಿಲ್ಲ. ಕೊಂದವನು ಕಾನೂನಿನ ಮುಂದೆ ನಿಲ್ಲಲೇಬೇಕು. ಆದರೆ ಲಾಠಿಯ ಏಟು ಕಾನೂನಲ್ಲ. ಪೋಲೀಸು ಇಲಾಖೆಯವರು ಪೆರೇಡಿನ ಮೈದಾನಕ್ಕೆ ಉಪಾಧ್ಯಾಯರನ್ನೂ ವೈದ್ಯರನ್ನೂ ಕೇರಿಯ ಹಿರಿಯರನ್ನೂ ಕರೆಯಲಿ. ನಡತೆ ತಿದ್ದಿಕೊಂಡವನ ಹೆಸರನ್ನು ಗೊತ್ತಾದ ಅವಧಿಯೊಳಗೆ ಪಟ್ಟಿಯಿಂದ ತೆಗೆಯಲಿ. ವರ್ತಕರೂ ಕಾರ್ಖಾನೆಯ ಯಜಮಾನರೂ ಇಂಥ ಒಬ್ಬೊಬ್ಬ ಹುಡುಗನಿಗೆ ಕೆಲಸ ಕಲಿಸುವ ಹೊಣೆಯನ್ನು ಹೊರಲಿ. ಇದನ್ನು ಓದುವ ಮಹನೀಯರಲ್ಲಿ ಎಷ್ಟು ಮಂದಿ ತಮ್ಮ ಅಂಗಡಿಯಲ್ಲಿ ಅಂಥವನೊಬ್ಬನಿಗೆ ಎಡೆ ಕೊಡುವರು? ಹದಿನೆಂಟು ವರ್ಷದ ಹುಡುಗನು ಇನ್ನೂ ಗಿಡವೇ. ಅವನನ್ನು ಮರವೆಂದು ಕೈಬಿಡುವವರು ನಾವು.