ಸೈನಿಕನಿಗೆ ಭೂಮಿ: ಋಣ ತೀರಿಸುವವರು ಯಾರು?

ಮಾಜಿ ಸೈನಿಕನಿಗೆ ಭೂಮಿ ಸಿಗಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಹದಿನೇಳು ವರ್ಷ ಹಿಮದಲ್ಲೂ ಮರಳಿನಲ್ಲೂ ಬಂದೂಕು ಹೊತ್ತು, ನಲವತ್ತು ತುಂಬುವ ಮೊದಲೇ ಊರಿಗೆ ಮರಳಿ, ಈಗ ಬ್ಯಾಂಕಿನ ಬಾಗಿಲಲ್ಲಿ ಮತ್ತೆ ಬಂದೂಕು ಹಿಡಿದು ನಿಂತವನು ನಮ್ಮವನೇ. ಗಿರಣಿ ಕೂಲಿಕಾರನ ಮಗ, ಇಲ್ಲವೇ ಎರಡೆಕರೆ ರಾಗಿ ಹೊಲದ ಒಕ್ಕಲಿನ ಮಗ. ಸಾಹುಕಾರರ ಮಕ್ಕಳು ಜವಾನರಾಗಿ ಸೇರಿದ್ದನ್ನು ನಾವು ಕಂಡದ್ದು ಬಹಳ ಕಡಿಮೆ. ಆದುದರಿಂದ ಈ ಬರಹ ಸೈನಿಕನ ಮೇಲಿನ ದೂರೆಂದು ಯಾರೂ ತಿಳಿಯಬೇಕಾಗಿಲ್ಲ.

ನಮ್ಮ ಪ್ರಶ್ನೆ ಬೇರೆ. ಅವನಿಗೆ ಕೊಡುವ ಭೂಮಿ ಎಲ್ಲಿಂದ ಬರುತ್ತದೆ? ಅದು ಕೈಬಿಟ್ಟ ಮೇಲೆ ಊರಿನ ಹುಲ್ಲಿಗೆ, ಮಣ್ಣಿಗೆ, ನೀರಿಗೆ ಏನಾಗುತ್ತದೆ?

ಹಂಚಬಹುದಾದ ಸರ್ಕಾರಿ ಜಮೀನಿನಲ್ಲಿ ನೂರಕ್ಕೆ 10 ಪಾಲನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ 1969ರ ಭೂ ಮಂಜೂರಾತಿ ನಿಯಮಗಳು ಮೀಸಲಿಟ್ಟವು. ನ್ಯಾಯವೇ. ಆದರೆ ಸರ್ಕಾರಿ ಜಮೀನು ಎಂಬ ಮಾತಿನ ಒಳಗೆ ಏನಿದೆ ಎಂದು ನೋಡಬೇಕು. ಕಾಗದದಲ್ಲಿ ಅದು ಸರ್ಕಾರದ್ದು. ನೆಲದ ಮೇಲೆ ಎಷ್ಟೋ ಕಡೆ ಅದು ಗೋಮಾಳ. ಕುರುಬನ ಕುರಿ ಮೇಯುವುದು ಅಲ್ಲಿ, ತುಂಡು ಹೊಲವೂ ಇಲ್ಲದ ಮುದುಕಿ ಸೌದೆ ಆರಿಸುವುದು ಅಲ್ಲಿ. ಪಹಣಿಯಲ್ಲಿ ಇವರ ಹೆಸರಿಲ್ಲ. ಹೆಸರಿಲ್ಲದವರ ತಕರಾರು ಯಾವ ಕಚೇರಿಯಲ್ಲೂ ದಾಖಲಾಗುವುದಿಲ್ಲ.

1966ರ ಭೂ ಕಂದಾಯ ನಿಯಮಗಳ ಪ್ರಕಾರ ಪ್ರತಿ 100 ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಹೆಚ್ಚಿಗೆ ಕಂಡದ್ದನ್ನು ಹಂಚಲು ದಾರಿಯಿದೆ. ಓದಲು ಚೆನ್ನಾಗಿದೆ. ಆದರೆ ಇದರ ಒಳಸುಳಿ ನೋಡಿ: ಮೇವು ಕಡಿಮೆಯಾದರೆ ಬಡವ ದನ ಮಾರುತ್ತಾನೆ. ದನ ಮಾರಿದರೆ ಊರಿನ ಎಣಿಕೆ ಇಳಿಯುತ್ತದೆ. ಎಣಿಕೆ ಇಳಿದರೆ ಉಳಿದ ಗೋಮಾಳದಲ್ಲೂ ಇನ್ನಷ್ಟು ಹೆಚ್ಚುವರಿ ಎಂದಾಗುತ್ತದೆ. ಹೀಗೆ ಗೋಮಾಳ ತನ್ನನ್ನು ತಾನೇ ತಿನ್ನುತ್ತಾ ಹೋಗುವ ಲೆಕ್ಕ ಇದು. ಇದನ್ನು ಬರೆದವರು ಮೋಸಗಾರರಲ್ಲದಿರಬಹುದು. ದನ ಕಾಯ್ದವರಂತೂ ಅಲ್ಲ.

ಬಯಲುಸೀಮೆಯ ಗೋಮಾಳ ಬಹುಮಟ್ಟಿಗೆ ಊರ ಮೇಲುಗಡೆಯ ಇಳಿಜಾರು ನೆಲ, ಗರಸು ಮಣ್ಣು. ಹಿರಿಯರು ಅದನ್ನು ಉಳದೆ ಬಿಟ್ಟದ್ದು ಸೋಮಾರಿತನದಿಂದಲ್ಲ. ಅಲ್ಲಿ ಬೆಳೆ ನಿಲ್ಲದು, ಹುಲ್ಲು ನಿಲ್ಲುತ್ತದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ. ಮಳೆ ನೀರು ನಿಧಾನವಾಗಿ ಇಂಗಿ ಕೆರೆಗೆ ಬರುತ್ತದೆ. ನೇಗಿಲು ಬಿದ್ದ ವರ್ಷವೇ ಮುಂಗಾರಿನ ಮೊದಲ ಬಿರುಮಳೆಗೆ ಮೇಲ್ಮಣ್ಣು ಕೊಚ್ಚಿ ಕೆರೆಯಲ್ಲಿ ಹೂಳಾಗುತ್ತದೆ. ಆಮೇಲೆ ಹೂಳೆತ್ತುವ ಗುತ್ತಿಗೆ ಯಾರಿಗೋ ಸಿಗುತ್ತದೆ, ಆ ಮಾತು ಇನ್ನೊಮ್ಮೆ. ಬೆಳೆ ಕೈಹತ್ತದೆ ಕೊಳವೆಬಾವಿ ತೋಡಿ ಸಾಲಗಾರನಾದ ಸೈನಿಕನಿದ್ದಾನೆ. ನೀಲಗಿರಿ ನೆಟ್ಟು ಕೈತೊಳೆದುಕೊಂಡವನೂ ಇದ್ದಾನೆ. ಆ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು 2017ರಲ್ಲಿ ರಾಜ್ಯ ಸರ್ಕಾರವೇ ಆಜ್ಞೆ ಹೊರಡಿಸಬೇಕಾಯಿತು.

ಪೇಟೆಯ ನಮಗೇನು ಎಂದು ಅಂಗಡಿಯ ಬಂಧುಗಳು ಕೇಳಬಹುದು. ಹಾಲು ಎಲ್ಲಿಂದ ಬರುತ್ತದೆ? ಕುರಿ ಮಾರಿ ಬಂದ ಹಣವನ್ನು ಹಳ್ಳಿಯವನು ಸಂತೆಯ ದಿನ ಎಲ್ಲಿ ಖರ್ಚು ಮಾಡುತ್ತಾನೆ? ಮಂದೆ ಕರಗಿದ ಊರಿನವನು ಬಟ್ಟೆ ಅಂಗಡಿಗೆ ಬರುವುದಿಲ್ಲ, ಕೂಲಿ ಕೇಳಿಕೊಂಡು ಗಿರಣಿಯ ಗೇಟಿಗೆ ಬರುತ್ತಾನೆ. ಗೇಟಿನಲ್ಲಿ ಜನ ಹೆಚ್ಚಿದರೆ ಕೂಲಿ ಏನಾಗುತ್ತದೆಂದು ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಊರೊಟ್ಟಿನ ನೆಲವನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಮರಳಿಸಿರೆಂದು 2011ರಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಹಾಗಾದರೆ ಸೈನಿಕನಿಗೆ ಭೂಮಿ ಎಲ್ಲಿ? ಇದ್ದವರ ಹತ್ತಿರ ಇದೆ. 1974ರ ಭೂಸುಧಾರಣೆ ಹಿಡುವಳಿಗೆ ಮಿತಿ ಹಾಕಿತ್ತು. 2020ರ ತಿದ್ದುಪಡಿಯಾದರೋ ಒಕ್ಕಲಲ್ಲದ ಹಣವಂತನೂ ಹೊಲ ಕೊಳ್ಳಲು ಬಾಗಿಲು ತೆರೆಯಿತು. ಹಣವಂತನಿಗೆ ನೀರಾವರಿ ಹೊಲ, ಗಡಿ ಕಾಯ್ದವನಿಗೆ ಗರಸು ಗುಡ್ಡ! ಅದೂ ಕುರುಬನ ಬಾಯಿಂದ ಕಿತ್ತ ಗುಡ್ಡ. ಇಬ್ಬರು ಬಡವರನ್ನು ಒಂದು ಬೇಲಿಯ ಎರಡು ಕಡೆ ನಿಲ್ಲಿಸಿ ಜಗಳ ಹಚ್ಚಿದ ಹಾಗಾಯಿತು.

ಇನ್ನೊಂದು ದಾರಿಯನ್ನು ಸೈನಿಕರೇ ತೋರಿಸಿದ್ದಾರೆ. ಡೆಹರಾಡೂನ್, ಮಸ್ಸೂರಿಯ ಬೆಟ್ಟಗಳನ್ನು ಸುಣ್ಣಕಲ್ಲಿಗಾಗಿ ಅಗೆದು ಬೋಳು ಮಾಡಿದ್ದ ಕಾಲದಲ್ಲಿ, 1982ರಲ್ಲಿ, ಮಾಜಿ ಸೈನಿಕರನ್ನೇ ಸೇರಿಸಿ ಟೆರಿಟೋರಿಯಲ್ ಸೈನ್ಯದ ಒಂದು ಪರಿಸರ ದಳವನ್ನು ಕಟ್ಟಿದರು. ಸಮವಸ್ತ್ರ ಅದೇ, ಶಿಸ್ತು ಅದೇ. ಕೈಯಲ್ಲಿ ಮಾತ್ರ ಗುದ್ದಲಿ. ಕುಸಿಯುವ ಇಳಿಜಾರಿಗೆ ಕಲ್ಲಿನ ತಡೆ ಕಟ್ಟಿದರು, ಗಿಡ ನೆಟ್ಟರು, ನೆಟ್ಟದ್ದನ್ನು ಕಾಯ್ದರು. ಮರುವರ್ಷ ರಾಜಸ್ಥಾನದ ಇಂದಿರಾ ಗಾಂಧಿ ನಾಲೆಯ ಮರಳಿನಲ್ಲೂ ಇಂಥದೇ ದಳ ಬಂತು. ಇದು ದಾನವಲ್ಲ, ಪಗಾರದ ಕೆಲಸ. ಪಗಾರ ಭೂಮಿಗೆ ಬದಲಿಯಾಗದು, ಆ ಮಾತನ್ನು ಒಪ್ಪುತ್ತೇವೆ. ಸ್ವಂತ ನೆಲದ ಆಸೆ ಒಕ್ಕಲಿನ ಮಗನಿಗೆ ಹೋಗುವಂಥದಲ್ಲ. ಆದರೆ ಕೆರೆ ಅಂಗಳ, ರಾಜಕಾಲುವೆ, ಬೋಳು ಗೋಮಾಳ ಇಷ್ಟೊಂದು ಬಿದ್ದಿರುವಾಗ, ಇಷ್ಟು ಕಲಿತ ಕೈಗಳನ್ನು ಬ್ಯಾಂಕಿನ ಬಾಗಿಲಲ್ಲಿ ನಿಲ್ಲಿಸಿರುವುದು ಯಾವ ಜಾಣತನ?

ಈಗ ಮಾಡಬಹುದಾದದ್ದು ಇದು. ಮಂಜೂರಾತಿಗೆ ಮೊದಲು ನಡೆಯುವ ಸ್ಥಳ ತನಿಖೆಯಲ್ಲಿ ಚಕ್ಕುಬಂದಿ ಬರೆಯುತ್ತಾರೆ, ಹೆಚ್ಚೆಂದರೆ ಮರ ಎಣಿಸುತ್ತಾರೆ. ಆ ನೀರು ಯಾವ ಕೆರೆಗೆ ಹರಿಯುತ್ತದೆ, ಅಲ್ಲಿ ಯಾರ ಕುರಿ ಮೇಯುತ್ತವೆ ಎಂಬುದನ್ನೂ ಬರೆಯಲಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಹಳ್ಳಿಯಲ್ಲಿ ಮನೆಯುಳ್ಳ ಗಿರಣಿಯ ಗೆಳೆಯರು ಮುಂದಿನ ಗ್ರಾಮಸಭೆಗೆ ಒಂದು ದಿನದ ರಜೆ ಹಾಕಿ ಹೋಗಿ, ನಮ್ಮ ಊರಿನ ದನ ಎಷ್ಟು, ಕುರಿ ಎಷ್ಟು, ಗೋಮಾಳ ಎಷ್ಟು ಉಳಿದಿದೆ ಎಂದು ಕೇಳಬೇಕು. ಊರಿನಲ್ಲಿ ಮಾಜಿ ಸೈನಿಕರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.