ಕರಿ ಪರದೆಯಲ್ಲಿ ಜುಂಜಪ್ಪ

"ಇನ್ನೂ ಆ ಕರಿ ಪರದೆ ಮೇಲೆ ಟೈಪ್ ಮಾಡ್ಕೊಂಡು ಹಾಡು ಕೇಳ್ತೀಯಲ್ಲ ಗುರೂ, ಒಂದು ಆಪ್ ಹಾಕ್ಕೋಬಾರ್ದಾ?" ಅಂತ ಆಫೀಸಿನಲ್ಲಿ ಯಾರಾದರೂ ಬುದ್ಧಿ ಹೇಳುತ್ತಲೇ ಇರುತ್ತಾರೆ. ಸರಿ ಸ್ವಾಮಿ, ಯಾವ ಆಪು? ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಬಾಗಿಲು ಹಾಕಿತು (ಹಾಡುಗಳನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಲು ದಾರಿ ಕೊಟ್ಟರು ಅನ್ನಿ, ಅಷ್ಟು ಒಳ್ಳೆಯವರು). ರೆಸ್ಸೊ 2024ರ ಜನವರಿಯಲ್ಲಿ ಇಂಡಿಯಾದಿಂದ ಗಂಟುಮೂಟೆ ಕಟ್ಟಿತು. ಅದೇ ವರ್ಷ ಏರ್‌ಟೆಲ್‌ನ ವಿಂಕ್ ಕೂಡ ಹೋಯಿತು.

ಅದು ಹಾಳಾಗಲಿ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಾಡು ಯಾವ ಆಪಿನಲ್ಲಿ ನೆಟ್ಟಗೆ ಸಿಗುತ್ತೆ ಹೇಳಿ? ಕಾಡುಗೊಲ್ಲರು ಗಣೆ ಊದಿಕೊಂಡು ರಾತ್ರಿಯೆಲ್ಲ ಹಾಡುವ ಜುಂಜಪ್ಪನ ಕಥೆಗೆ ಲೇಬಲ್ ಯಾವುದು, ಆಲ್ಬಂ ಯಾವುದು? ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದೆ ಸಾವಿರಾರು ಹಾಡನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರಂಥವರು ಬರೆದುಕೊಂಡಿದ್ದರಿಂದ ಪುಸ್ತಕವಾಯಿತು. ಆಪಿನವರು ಹುಡುಕಿಕೊಂಡು ಹಟ್ಟಿಗೆ ಬರುವುದಿಲ್ಲ ಕಣ್ರೀ, ಕಂಪನಿ ಕೊಟ್ಟಿದ್ದನ್ನು ಬಡಿಸುತ್ತಾರೆ ಅಷ್ಟೇ.

ನಮ್ಮ ಮಾವ ಜಾತ್ರೆಯಲ್ಲಿ ಟೇಪ್ ರೆಕಾರ್ಡರ್ ಹಿಡಿದು ತುಂಬಿಸಿದ ಕ್ಯಾಸೆಟ್ಟುಗಳು ನನ್ನ ಹತ್ತಿರ ಇವೆ. ಒಂದು ಸೈಡಿಗೆ 45 ನಿಮಿಷ. ನಡುವೆ ನಾಯಿ ಬೊಗಳುತ್ತೆ, ಯಾರೋ ಬೀಡಿ ಕೇಳುತ್ತಾರೆ. ಅದೆಲ್ಲ ಸೇರಿಯೇ ಹಾಡು. ಅವನ್ನು ಫೈಲ್ ಮಾಡಿ ಚಳ್ಳಕೆರೆ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೇನೆ. ಪರದೆ ಒಡೆದಿದೆ, ಚಿಂತೆಯಿಲ್ಲ. ಎಂಪಿಡಿಗೆ ಪರದೆ ಬೇಕಿಲ್ಲ. ಅದು ಹಿನ್ನೆಲೆಯಲ್ಲಿ ಕೂತು ಹಾಡುತ್ತಿರುತ್ತೆ, ಎಂಪಿಸಿ ಅನ್ನೋ ಪುಟ್ಟ ಕಮಾಂಡ್ ಅದಕ್ಕೆ ಅಪ್ಪಣೆ ಕೊಡುತ್ತೆ. ಟರ್ಮಿನಲ್ ಮುಚ್ಚಿದರೂ ಹಾಡು ನಿಲ್ಲಲ್ಲ. ಮೊಳಕಾಲ್ಮೂರಿನ ಅತ್ತೆ ಮನೆಯಲ್ಲಿ ನೆಟ್‌ವರ್ಕ್ ಕುಂಟುವಾಗಲೂ ಎಸ್ಸೆಸ್ಸೆಚ್ ಮೂಲಕ ಕೇಳುತ್ತೇನೆ: 64 ಕಿಲೋಬಿಟ್‌ನಲ್ಲಿ ಕಳಿಸಿದರೆ ಗಂಟೆಗೆ 29 ಎಂಬಿಯೂ ಆಗದು. ಜಾಹೀರಾತಿಲ್ಲ, "ನಿಮಗಿದೂ ಇಷ್ಟವಾಗಬಹುದು" ಅನ್ನೋ ಉಪದ್ರವವಿಲ್ಲ.

ಈಗ ನಮ್ಮವರ ಮೇಲೆ ಜಗಳ. ಟರ್ಮಿನಲ್ ಮಾಡಿದವರು ಒಂದಕ್ಷರಕ್ಕೆ ಒಂದು ಚೌಕ ಅಂತ ಲೆಕ್ಕ ಹಾಕಿದ್ದಾರೆ, ನಮ್ಮ ಒತ್ತಕ್ಷರ ಆ ಚೌಕಕ್ಕೆ ಬಗ್ಗುವುದಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಜುಂಜಪ್ಪ ಹೋಗಿ 'ಜುಂಜಪ್‌ಪ' ಆಗುತ್ತಾನೆ. ಅದಕ್ಕೆ ನಮ್ಮ ಲಿನಕ್ಸ್ ಗೆಳೆಯರು ಏನು ಮಾಡುತ್ತಾರೆ ಗೊತ್ತಾ? ಫೈಲಿನ ಹೆಸರು, ಟ್ಯಾಗು ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿಬಿಡುತ್ತಾರೆ! ಒಬ್ಬ ಒಂದು ಪಿ ಹಾಕುತ್ತಾನೆ, ಇನ್ನೊಬ್ಬ ಎರಡು. ಆಮೇಲೆ ಹುಡುಕಿದರೆ ಯಾವುದೂ ಸಿಗಲ್ಲ. ಅಯ್ಯಾ, ಕೆಟ್ಟಿರುವುದು ತೋರಿಸುವ ರೀತಿ, ಒಳಗಿನ ಯೂನಿಕೋಡ್ ಅಲ್ಲ. ಕನ್ನಡದಲ್ಲೇ ಟ್ಯಾಗ್ ಹಾಕಿ 'ಜುಂಜಪ್ಪ' ಅಂತ ಹುಡುಕಿದರೆ ಎಂಪಿಡಿ ಮರುಮಾತಿಲ್ಲದೆ ಕೊಡುತ್ತೆ. ಪರದೆಯನ್ನು ಇವತ್ತಲ್ಲ ನಾಳೆ ಯಾರಾದರೂ ಸರಿ ಮಾಡಿಯಾರು. ಹಾಳು ಮಾಡಿದ ಹೆಸರನ್ನು ಸರಿ ಮಾಡುವವರ್ಯಾರು? ಹಾಡಿದವರಲ್ಲಿ ಅರ್ಧ ಜನ ಈಗಿಲ್ಲ.

ಮಾವನ ಡಬ್ಬದಲ್ಲಿ ಇನ್ನೂ ಹನ್ನೊಂದು ಕ್ಯಾಸೆಟ್ ಬಾಕಿ ಇವೆ. ಎರಡಕ್ಕೆ ಬೂಷ್ಟು ಹಿಡಿದಿದೆ. ಬೂಷ್ಟು ಹಿಡಿದ ಟೇಪನ್ನು ಕೆಡಿಸದೆ ಓಡಿಸುವುದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ, ಕನ್ನಡದಲ್ಲಿ :)